ನೀರುನಾಯಿಯ ದನಿ

ಹನ್ನೊಂದು ವರ್ಷ ನಾನು ಒಂದು ನೀರುನಾಯಿಗೆ ಕನ್ನಡದ ಮಾತು ಬರೆದುಕೊಟ್ಟೆ. ವಾರದ ಐದು ದಿನ ಬೇಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಫೈಲುಗಳ ನಡುವೆ ಕೂರುತ್ತಿದ್ದವಳು, ಶನಿವಾರ ಬಂತೆಂದರೆ ಲೋಕಲ್ ರೈಲಿನಿಂದ ವಾಶಿಯಲ್ಲಿ ಇಳಿದು ಒಂದು ಕಟ್ಟಡದ ನೆಲಮಾಳಿಗೆಯಲ್ಲಿದ್ದ ಡಬ್ಬಿಂಗ್ ಸ್ಟುಡಿಯೋಗೆ ಹೋಗುತ್ತಿದ್ದೆ. ಪರದೆಯ ಮೇಲೆ ಪ್ರಾಣಿ ಬಾಯಿ ಮುಚ್ಚಿದ ಗಳಿಗೆಗೆ ಸರಿಯಾಗಿ ಒಂದು ಪ, ಬ ಅಥವಾ ಮ ಬೀಳುವಂತೆ ವಾಕ್ಯ ಹೊಂದಿಸುವುದು ಅಲ್ಲಿ ನನ್ನ ಕೆಲಸ. ಧಾರವಾಡದ ಕಡೆಯ ಮನೆತನ ನಮ್ಮದು. ನಾನು ಹುಟ್ಟಿದ್ದು ಇಲ್ಲೇ, ಮರಾಠಿ ಸೀಮೆಯ ಕಲ್ಯಾಣದಲ್ಲಿ, ಮದುವೆಯಾಗಿ ಬಂದದ್ದು ಠಾಕುರ್ಲಿಗೆ. ಶಾಲೆಯಲ್ಲಿ ಕನ್ನಡ ಓದಿದ್ದೆ ಎಂಬ ಒಂದೇ ಕಾರಣಕ್ಕೆ ಪರಿಚಯದವರೊಬ್ಬರು ಈ ಕೆಲಸಕ್ಕೆ ನನ್ನನ್ನು ಸೂಚಿಸಿದ್ದರು.

ಅದೊಂದು ಹೊರದೇಶದ ಪತ್ತೇದಾರಿ ಕಾರ್ಟೂನು. ನದಿಯ ದಡದಲ್ಲಿ ಒಂದು ಊರು, ಅಲ್ಲಿ ಉದ್ದ ಕೋಟು ತೊಟ್ಟ ಮುದಿ ನೀರುನಾಯಿ ಪತ್ತೇದಾರ, ಅವನಿಗೆ ನೆರವಾಗಲು ಅಂಚೆ ಕಚೇರಿ ನಡೆಸುವ ಅಕ್ಕತಂಗಿಯರು. ಪ್ರತಿ ಸಂಚಿಕೆಯಲ್ಲೂ ಊರಿನಲ್ಲಿ ಏನೋ ಕಳೆದುಹೋಗುತ್ತದೆ. ಗಿರಣಿಯ ಗಂಟೆ, ಯಾರದೋ ಮದುವೆಯ ಟೋಪಿ, ಒಮ್ಮೆ ಇಡೀ ಸೇತುವೆ. ಇಪ್ಪತ್ತು ನಿಮಿಷದಲ್ಲಿ ಅದು ಸಿಗುತ್ತದೆ, ತೆಗೆದವರು ತಲೆ ತಗ್ಗಿಸಿ ಕಾರಣ ಹೇಳುತ್ತಾರೆ. ನಾನು ಹುಟ್ಟುವ ಮೊದಲೇ ಇದು ಯಾವುದೋ ಪತ್ರಿಕೆಯಲ್ಲಿ ಮೂರು ಚೌಕದ ಚಿತ್ರವಾಗಿ ಶುರುವಾಗಿತ್ತಂತೆ. ಆಮೇಲೆ ಚಿತ್ರಪುಸ್ತಕ, ಕಪ್ಪು-ಬಿಳುಪು ಟಿವಿ, ಬಣ್ಣದ ಟಿವಿ, ಸಿನಿಮಾ. ನಾವು ಹಿಡಿಯುವ ಹೊತ್ತಿಗೆ ಅದರ ಮೂರನೆಯ ತಲೆಮಾರು ನಡೆದಿತ್ತು, ಒಂದು ಮಕ್ಕಳ ಚಾನೆಲ್ಲು ಅದನ್ನು ಕನ್ನಡದಲ್ಲೂ ತೋರಿಸಲು ಹೊರಟಿತ್ತು.

ನೀರುನಾಯಿಗೆ ದನಿ ಕೊಡಲು ಮೊದಲು ಗೊತ್ತುಮಾಡಿದ್ದವರು ಎರಡನೆಯ ವಾರವೇ ಬರಲಿಲ್ಲ. ಅವರ ಜಾಗಕ್ಕೆ ಬಂದವರು ಡೊಂಬಿವಲಿಯವರು, ಉಡುಪಿ ಕಡೆಯವರು, ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವರು. ಸ್ಟೇಷನ್ ಹತ್ತಿರ ಭಾವನ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದರು. ಕನ್ನಡ ಸಂಘದ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರೆಂದು ಯಾರೋ ಕಳಿಸಿದ್ದರು. ಒದ್ದೆ ಕೊಡೆ ಹಿಡಿದು ಒಳಗೆ ಬಂದವರು, ಪರದೆಯ ಮೇಲೆ ನಿಂತಿದ್ದ ಚಿತ್ರ ನೋಡಿ ಕೇಳಿದರು.

"ಎಂತ ಪ್ರಾಣಿ ಇದು?"

"ನೀರುನಾಯಿ ರೀ."

"ಓ, ಇದು ನಮ್ಮ ಊರಿನ ಹೊಳೆಯಲ್ಲಿ ಉಂಟಲ್ಲ! ಮೀನು ಹಿಡಿದು ಅಂಗಾತ ಮಲಗಿ ತಿನ್ನುದು, ಭಾರೀ ಗತ್ತು ಅದಕ್ಕೆ."

ಅಷ್ಟು ಹೇಳಿ, ನಾನು ಕೊಟ್ಟ ಹಾಳೆಯನ್ನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಮೈಕಿನ ಮುಂದೆ ನಿಂತರು. ಮೊದಲ ಸಾಲಿಗೇ ಗಾಜಿನ ಈಚೆ ಕೂತಿದ್ದ ಸ್ಟುಡಿಯೋದ ಮಾಲೀಕರು ತಲೆ ಎತ್ತಿದರು. ಅವರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಆದರೂ ನನ್ನ ಕಡೆ ತಿರುಗಿ, ಇವರೇ ಆಯಿತು ಎಂಬಂತೆ ಕೈ ಮಾಡಿದರು.

ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ. ಅವರು ನನ್ನನ್ನು ಟೀಚರೇ ಎಂದು ಕರೆದು ಕಾಡಿಸುತ್ತಿದ್ದರು. ಕಾರಣ, ಚಾನೆಲ್ಲಿನವರಿಗೆ ಯಾವ ಊರಿನದೂ ಅಲ್ಲದ ಕನ್ನಡ ಬೇಕಿತ್ತು, ಅದನ್ನು ಕಾಯುವುದು ನನ್ನ ಪಾಲಿಗೆ ಬಂದಿತ್ತು. ಧಾರವಾಡದ ನನ್ನ ಬಾಯಿಯನ್ನೂ ಕಟ್ಟಿಕೊಂಡು, ಅವರ ಬಾಯಿಂದ ಜಾರುತ್ತಿದ್ದ ಉಂಟು, ಎಂತ, ಮಾಡುದುಗಳನ್ನು ಹಿಡಿದು ಹಿಡಿದು ತಿದ್ದುತ್ತಿದ್ದೆ.

"ಅಣ್ಣಾರ, ಮತ್ತ 'ಉಂಟು' ಅಂದ್ರಿ ನೋಡ್ರಿ."

"ನೀರುನಾಯಿಗೆ ಎಂತ ಬೆಂಗಳೂರು ಕನ್ನಡ ಟೀಚರೇ? ಹೊಳೆಯಲ್ಲಿ ಇರುವವ ಅವ."

ಮತ್ತೆ ಹೇಳುತ್ತಿದ್ದರು, ಸರಿಯಾಗಿ. ರೆಕಾರ್ಡಿಂಗ್ ವೇಳೆ ಸದ್ದಾಗುತ್ತದೆಂದು ಏಸಿ ನಿಲ್ಲಿಸುತ್ತಿದ್ದರು. ಗೋಡೆಗೆಲ್ಲ ಕಂಬಳಿಯಂಥದ್ದು ಹೊದಿಸಿದ ಆ ಪುಟ್ಟ ಕೋಣೆಯಲ್ಲಿ ಅವರು ಹೆಗಲ ಮೇಲೊಂದು ಟವೆಲ್ಲು ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ, ಓಡಿ, ಬಿದ್ದು, ಮುಳುಗಿ, ತುಂಬಿದ ಬಾಯಲ್ಲಿ ಮೀನು ಜಗಿಯುತ್ತ ಮಾತಾಡುತ್ತಿದ್ದರು. ಮೀನಿನ ಬದಲು ಬಾಯಲ್ಲಿ ಬಾಳೆಹಣ್ಣು ಇರುತ್ತಿತ್ತು. ಸಿನಿಮಾ ಬಂದಾಗ ಅದಕ್ಕೂ ಅವರೇ. ಆಮೇಲೆ ನಿಜವಾದ ಮನುಷ್ಯರನ್ನಿಟ್ಟು ತೆಗೆದ ಸಿನಿಮಾದಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಕೂದಲೆಲ್ಲ ಎಣಿಸಬಹುದಾದಂಥ ನೀರುನಾಯಿ ಬಂತು. ಅದಕ್ಕೂ ಅವರೇ. ಓದಿ ಹೇಳುವ ಕಥೆಪುಸ್ತಕಗಳು ಬಂದವು. ಒಮ್ಮೆ ಫೋನಿನ ಆಟಕ್ಕೆಂದು ಒಂದಿಡೀ ದಿನ ಬರೀ ಆಹಾ, ಅಯ್ಯೋ, ಸಿಕ್ಕಿತು, ಇಲ್ಲಿಲ್ಲ ಎಂಬ ನಾಲ್ಕು ಮಾತುಗಳನ್ನು ಬೇರೆ ಬೇರೆ ಬಗೆಯಲ್ಲಿ ಹೇಳಿಸಿದರು. ಸಂಜೆ ಠಾಣೆ ಊರಿನ ಕಡೆ ಹೋಗುವ ರೈಲಿನಲ್ಲಿ ಎದುರು ಕೂತು ಅವರು ಅಂದರು, "ಅಯ್ಯೋ ಅನ್ನುದಕ್ಕೆ ಇಷ್ಟು ನಮೂನೆ ಉಂಟು ಅಂತ ಐವತ್ತು ವರ್ಷ ಗೊತ್ತೇ ಇರಲಿಲ್ಲ ನೋಡಿ."

ಠಾಣೆಯಲ್ಲಿ ಗಾಡಿ ಬದಲಿಸಿ ಇಬ್ಬರೂ ಕಲ್ಯಾಣದ ಸ್ಲೋ ಲೋಕಲ್ಲು ಹತ್ತುತ್ತಿದ್ದೆವು. ಅವರು ಡೊಂಬಿವಲಿಯಲ್ಲಿ ಇಳಿದರೆ ಮುಂದಿನ ಸ್ಟೇಷನ್ನು ನನ್ನದು. ಅಷ್ಟು ವರ್ಷ ಅವರ ಮನೆಗೂ ಹೋಗಿ ಬಂದು ಮಾಡಿದೆ. ಅವರ ಹೆಂಡತಿಯನ್ನು ವೈನಿ ಎಂದೇ ಕರೆಯುತ್ತಿದ್ದೆ. ಮನೆಯಲ್ಲಿ ಗಂಡಹೆಂಡಿರ ನಡುವೆ ತುಳು. ಒಬ್ಬಳೇ ಮಗಳು. ಅವಳಿಗೆ ತುಳುವೂ ಕನ್ನಡವೂ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಹಿಂದಿ, ಇಲ್ಲವೇ ಮರಾಠಿ. ಅದೇ ಕಾರ್ಟೂನನ್ನು ಅವಳು ಹಿಂದಿಯಲ್ಲಿ ನೋಡುತ್ತಿದ್ದಳು. ಒಮ್ಮೆ ನಾನಿದ್ದಾಗ ಅವರು ಚಾನೆಲ್ಲನ್ನು ಕನ್ನಡಕ್ಕೆ ತಿರುಗಿಸಿ, "ಕೇಳು, ನಿನ್ನ ಅಪ್ಪ" ಎಂದರು. ಹುಡುಗಿ ಒಂದು ನಿಮಿಷ ಕೇಳಿ, "ಪಪ್ಪಾ, ಅಸಲೀವಾಲಾ ಲಗಾವೋ ನಾ" ಎಂದಳು. ನಿಜವಾದದ್ದನ್ನು ಹಾಕಿ ಎಂದು. ಅವರು ಜೋರಾಗಿ ನಕ್ಕು ಹಿಂದಿಗೆ ತಿರುಗಿಸಿಕೊಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೈನಿ ಮಾತ್ರ ನಗಲಿಲ್ಲ.

ಕೆಲಸ ನಿಂತದ್ದು ಹೇಳದೆ ಕೇಳದೆ. ಒಂದು ಗುರುವಾರ ಸ್ಟುಡಿಯೋದಿಂದ ಫೋನಿಗೆ ಸಂದೇಶ ಬಂತು, ಚಾನೆಲ್ಲಿನವರು ಕನ್ನಡ ನಿಲ್ಲಿಸಿದ್ದಾರೆ, ಶನಿವಾರ ಬರುವುದು ಬೇಡ ಎಂದು. ನಾವು ಎರಡು ಕಂತಿನ ಒಂದು ಕಥೆಯ ಮೊದಲ ಕಂತು ಮುಗಿಸಿದ್ದೆವು. ದೀಪಸ್ತಂಭದ ದೀಪ ಕದ್ದವರು ಯಾರೆಂಬುದು ಕನ್ನಡದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಯಾರೂ ಕೇಳಿದ ಹಾಗೂ ಇರಲಿಲ್ಲ.

ಅದಾಗಿ ಆರೇಳು ವರ್ಷದ ಮೇಲೆ ಅಣ್ಣಾರ ಗಂಟಲು ಕಟ್ಟಿತು. ಮಳೆಗಾಲದ ಶೀತ ಎಂದುಕೊಂಡರು. ಕಷಾಯ ಆಯಿತು, ಬಿಸಿನೀರಿನ ಹಬೆ ಆಯಿತು, ಗಲ್ಲಿಯ ಡಾಕ್ಟರ ಗುಳಿಗೆ ಆಯಿತು. ದೀಪಾವಳಿಗೆ ನಾನು ಹೋದಾಗ ಪಿಸುಗುಟ್ಟಿದ ಹಾಗೆ ಮಾತಾಡುತ್ತಿದ್ದರು. "ಭೂತದ ಪಾತ್ರಕ್ಕೆ ಈಗ ಸರಿ ಹೊಂದುತ್ತದೆ ಟೀಚರೇ" ಎಂದರು. ನಾನು ನಕ್ಕೆ. ನಗಬಾರದಿತ್ತು, ಆ ದಿನವೇ ಕೈ ಹಿಡಿದು ದೊಡ್ಡ ಡಾಕ್ಟರ ಬಳಿ ಕರೆದೊಯ್ಯಬೇಕಿತ್ತು. ಅವರು ತೋರಿಸಿಕೊಳ್ಳಲು ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದುಬಿಟ್ಟಿತ್ತು. ಪೂರ್ತಿ ತೆಗೆಯಬೇಕು, ಆಮೇಲೆ ಉಸಿರಾಟ ಕುತ್ತಿಗೆಯ ತೂತಿನಿಂದ, ಮಾತು ಇರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಶಸ್ತ್ರಚಿಕಿತ್ಸೆಗೆ ಎರಡು ವಾರ ಇತ್ತು. ಅಷ್ಟರಲ್ಲಿ ಅವರ ಮಾತನ್ನು ಏನಾದರೂ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಮನೆಯವರು ಮುಂದೆ ಕೇಳುತ್ತಾರೆ ಎಂದೂ ಹೇಳಿ ಕಳಿಸಿದರು.

ನಾನು ಆ ಭಾನುವಾರ ಅವರ ಮನೆಯಲ್ಲಿದ್ದೆ. ಮಗಳು ಆಗ ಐರೋಲಿಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಫೋನು ಹಿಡಿದುಕೊಂಡು ಅಪ್ಪನ ಎದುರು ನೆಲದ ಮೇಲೆ ಕೂತಳು. "ಪಪ್ಪಾ, ಕುಛ್ ಬೋಲೋ. ಕುಛ್ ಭೀ." ಏನಾದರೂ ಮಾತಾಡಿ ಎಂದು.

ಅವರು ಆ ಫೋನನ್ನು ನೋಡಿದರು. ದನಿ ಆಗಲೇ ಹರಿದ ಬಟ್ಟೆಯ ಹಾಗಾಗಿತ್ತು. ಅದರಲ್ಲೇ ಅಂದರು, "ಈ ಕುರೂಪ ದನಿಯನ್ನು ಎಂತಕ್ಕೆ ಇಟ್ಟುಕೊಳ್ಳುದು? ಒಳ್ಳೆದು ಅಷ್ಟು ಉಂಟಲ್ಲ. ನೂರಾರು ಸಂಚಿಕೆ ಬಿದ್ದುಕೊಂಡು ಉಂಟು. ಅಲ್ವಾ ಟೀಚರೇ?"

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಹೌದಲ್ರಿ ಮತ್ತ. ಎಲ್ಲಾ ಅದಾವ. ನಾ ತಂದುಕೊಡ್ತೀನ್ರಿ" ಎಂದೆ.

ಮಗಳು ನನ್ನ ಮುಖ ನೋಡಿ, ಫೋನನ್ನು ಟೀಪಾಯಿಯ ಮೇಲಿಟ್ಟಳು. ನಾವು ಆಮೇಲೆ ಎರಡು ತಾಸು ಕೂತು ಮಾತಾಡಿದೆವು. ಅವರೂ ಮಾತಾಡಿದರು, ಸುಸ್ತಾಗುವಷ್ಟು. ಹೊಳೆಯ ಬಗ್ಗೆ, ಹೋಟೆಲಿನ ಬಗ್ಗೆ, ವೈನಿಯನ್ನು ನೋಡಲು ಮೊದಲ ಸಲ ಹೋದಾಗ ಅವಲಕ್ಕಿಯಲ್ಲಿ ಕಲ್ಲು ಸಿಕ್ಕಿದ್ದರ ಬಗ್ಗೆ. ಟೀಪಾಯಿಯ ಮೇಲೆ ಮಗಳ ಫೋನಿತ್ತು, ನನ್ನ ಚೀಲದಲ್ಲಿ ನನ್ನದಿತ್ತು. ಯಾರೂ ಒಂದು ಗುಂಡಿ ಒತ್ತಲಿಲ್ಲ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು ಎಂದರು. ಅವರು ಮನೆಗೆ ಬಂದು ಒಂದು ತಿಂಗಳಾದ ಮೇಲೆ, ಮಕ್ಕಳು ಬರೆದು ಅಳಿಸುವ ಪ್ಲಾಸ್ಟಿಕ್ಕಿನ ಹಲಗೆಯ ಮೇಲೆ ನನಗೆ ಬರೆದು ತೋರಿಸಿದರು: "ಒಂದು ಸಂಚಿಕೆ ಸಾಕು. ಇವಳಿಗೆ ಕೇಳಬೇಕಂತೆ." ವೈನಿ ಬೇರೆಲ್ಲೋ ನೋಡುತ್ತಿದ್ದರು.

ನಾನು ಮೊದಲು ವಾಶಿಗೆ ಹೋದೆ. ಸ್ಟುಡಿಯೋ ಇದ್ದ ನೆಲಮಾಳಿಗೆಯಲ್ಲಿ ಹಲ್ಲಿನ ಆಸ್ಪತ್ರೆ ಆಗಿತ್ತು. ಕಟ್ಟಡದ ವಾಚ್‌ಮನ್ನಿಂದ ವಿಚಾರಿಸಿ, ಅಲ್ಲಿಂದ ಇಲ್ಲಿಂದ ನಂಬರು ಹುಡುಕಿ ಮಾಲೀಕರನ್ನು ಹಿಡಿದೆ. ಅವರು ಠಾಣೆಯಲ್ಲಿ ಮಗನ ಮನೆಯಲ್ಲಿದ್ದರು. ಬಾಗಿಲು ತೆರೆದವರೇ ಗುರುತು ಹಿಡಿದು, ನೀರುನಾಯಿ ಹೇಗಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದರು. ಹೇಳಿದೆ. ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು. ಮೂಲ ಧ್ವನಿಯೆಲ್ಲ ಚಾನೆಲ್ಲಿಗೆ ಕಳಿಸಿದ್ದಾಯಿತು, ತಮ್ಮ ಬಳಿ ಒಂದೊಂದು ಪ್ರತಿ ಹಾರ್ಡ್‌ಡಿಸ್ಕುಗಳಲ್ಲಿ ಇತ್ತು, ಒಂದು ಮಳೆಗಾಲದಲ್ಲಿ ನೆಲಮಾಳಿಗೆಗೆ ಸೊಂಟದವರೆಗೆ ನೀರು ನುಗ್ಗಿ ಎಲ್ಲವೂ ಕೆಸರಾಯಿತು ಎಂದರು. ಗುಜರಿಯವನು ಗೋಣಿಯಲ್ಲಿ ತುಂಬಿಕೊಂಡು ಹೋದನಂತೆ. "ಯಾರಾದರೂ ಕೇಳಬಹುದೆಂದು ನನಗೆ ಅನ್ನಿಸಲೇ ಇಲ್ಲ" ಎಂದು ಮರಾಠಿಯಲ್ಲಿ ಹೇಳಿದರು. ನನ್ನನ್ನು ಕೆಳಗಿನ ಗೇಟಿನ ತನಕ ಬಂದು ಕಳಿಸಿದರು.

ಚಾನೆಲ್ಲು ಬೇರೆ ಕಂಪನಿಯ ಕೈ ಸೇರಿತ್ತು. ನಾನು ಬರೆದ ಪತ್ರಗಳಿಗೆ ಯಂತ್ರದ ಉತ್ತರ ಬರುತ್ತಿತ್ತು, ನಿಮ್ಮ ದೂರು ದಾಖಲಾಗಿದೆ, ನಿಮ್ಮ ದೂರು ಮುಗಿದಿದೆ ಎಂದು. ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ಹಿಂಬಾಲಿಸಿದವಳು ನಾನು, ಬಿಡಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನು ಮಾಡುತ್ತಲೇ ಇದ್ದೆ. ಮೂರನೆಯ ತಿಂಗಳು ಒಬ್ಬ ಹೆಣ್ಣುಮಗಳು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಎರಡು ದಿನ ಬಿಟ್ಟು ತಾನೇ ತಿರುಗಿ ಫೋನು ಮಾಡಿ, ಹೇಳಲು ಕಷ್ಟಪಡುತ್ತ ಹೇಳಿದಳು: ಹಕ್ಕಿನ ಅವಧಿ ಮುಗಿದಾಗ ಆಯಾ ಭಾಷೆಯ ಧ್ವನಿಯನ್ನು ಅಳಿಸಿಹಾಕಬೇಕೆಂದು ಒಪ್ಪಂದದಲ್ಲೇ ಇತ್ತಂತೆ. ಹಿಂದಿ, ತಮಿಳು, ತೆಲುಗಿಗೆ ಮತ್ತೆ ಹಕ್ಕು ಪಡೆದಿದ್ದರು. ಕನ್ನಡಕ್ಕೆ ಪಡೆದಿರಲಿಲ್ಲ. "ಸಾರಿ ಮ್ಯಾಮ್, ದೇರ್ ಈಸ್ ನಥಿಂಗ್" ಎಂದಳು.

ಅಂತರಜಾಲದಲ್ಲಿ ಹುಡುಕಿದೆ. ಯಾರೋ ಒಬ್ಬರು ಟಿವಿಯ ಮುಂದೆ ಫೋನು ಹಿಡಿದು ತೆಗೆದ ಒಂದು ತುಣುಕಿನ ಹೆಸರು ಮಾತ್ರ ಉಳಿದಿತ್ತು. ಒತ್ತಿದರೆ, ಈ ವಿಡಿಯೋ ತೆಗೆದುಹಾಕಲಾಗಿದೆ ಎಂದು ಬರುತ್ತಿತ್ತು. ಫೋನಿನ ಆಟ ಆ್ಯಪ್ ಸ್ಟೋರಿನಿಂದಲೇ ಮಾಯವಾಗಿತ್ತು, ಸಿನಿಮಾಗಳೂ ಓದಿ ಹೇಳುವ ಕಥೆಪುಸ್ತಕಗಳೂ ಕನ್ನಡದಲ್ಲಿ ಎಲ್ಲೂ ಸಿಗಲಿಲ್ಲ. ಅಕ್ಕತಂಗಿಯರಿಗೆ ದನಿ ಕೊಟ್ಟಿದ್ದ ಇಬ್ಬರು ಹೆಂಗಸರನ್ನು ಕೇಳಿದೆ. ಒಬ್ಬರ ಹತ್ತಿರ ಫೋಟೋ ಇತ್ತು, ಮೈಕಿನ ಮುಂದೆ ಅಣ್ಣಾರು ಬಾಯಿ ಅಗಲಿಸಿ ನಿಂತದ್ದು, ಟವೆಲ್ಲು ಹೆಗಲ ಮೇಲೆ. ಫೋಟೋ ಏನು ಮಾಡಲಿ? ಮಗಳು ಮನೆಯ ಹಳೆಯ ಫೋನುಗಳನ್ನೆಲ್ಲ ತಡಕಿದಳು. ಅಪ್ಪ ಒಂದು ಧ್ವನಿಸಂದೇಶವನ್ನೂ ಕಳಿಸಿದವರಲ್ಲ, ಏನಿದ್ದರೂ ನೇರ ಫೋನು ಮಾಡಿ ಮಾತಾಡುವವರು. ಅವರ ತಂಗಿಯ ಮಗನ ಮದುವೆಯ ವಿಡಿಯೋದಲ್ಲಿ ಒಂದು ಕಡೆ ಅವರು ಯಾರಿಗೋ ಊಟಕ್ಕೆ ಹೇಳುತ್ತಿರುವುದು ಕಾಣುತ್ತಿತ್ತು, ತುಟಿ ಆಡುತ್ತಿತ್ತು. ಮೇಲೆ ಪೂರ್ತಿ ಬ್ಯಾಂಡು.

ನನ್ನ ಕಪಾಟಿನಲ್ಲಿ ಹನ್ನೊಂದು ವರ್ಷದ ಹಾಳೆಗಳಿದ್ದವು. ಪ್ರತಿ ಸಾಲಿನ ಪಕ್ಕ ನಿಮಿಷ, ಸೆಕೆಂಡು, 'ನಗುತ್ತ', 'ಮುಳುಗುತ್ತ', 'ಬಾಯಲ್ಲಿ ಮೀನು'. ಅವನ್ನು ಒಮ್ಮೆ ಹೊರಗೆ ತೆಗೆದು, ನೋಡಿ, ಹಾಗೇ ಒಳಗಿಟ್ಟೆ.

ಪ್ರತಿ ಭಾನುವಾರ ಡೊಂಬಿವಲಿಗೆ ಹೋಗಿ, ಇನ್ನೂ ಹುಡುಕುತ್ತಿದ್ದೇನೆ ಎನ್ನುತ್ತಿದ್ದೆ. ಅವರು ಸರಿ ಎಂದು ತಲೆಯಾಡಿಸುತ್ತಿದ್ದರು. ಗಂಟಲಿಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಯಂತ್ರವೊಂದನ್ನು ಮಗಳು ತಂದುಕೊಟ್ಟಿದ್ದಳು. ಅವರು ಅದನ್ನು ಒಮ್ಮೆ ಹಿಡಿದು ವೈನಿಯ ಹೆಸರು ಕರೆದರು. ದುಂಬಿ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ ಒಂದೇ ಸಮನಾದ ಸದ್ದು. ವೈನಿ "ಬೇಡ" ಎಂದು ಕೈ ಅಡ್ಡ ಮಾಡಿದರು. ಅವರು ಆ ಯಂತ್ರವನ್ನು ಮತ್ತೆ ಮುಟ್ಟಲಿಲ್ಲ.

ಆ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಠಾಣೆಯಲ್ಲಿ ಗಾಡಿ ಬದಲಿಸಲು ಸೇತುವೆ ಹತ್ತುತ್ತಿದ್ದಾಗ ಫೋನಿನಲ್ಲಿ ಜಾಹೀರಾತು ಕಂಡಿತು. ಅದೇ ನೀರುನಾಯಿ, ಅದೇ ಕೋಟು. ಹಳೆಯ ಸರಣಿ ಹೊಸ ಬೆಳಕಿನಲ್ಲಿ, ಎಲ್ಲ ಸಂಚಿಕೆಗಳೂ, ಈಗ ಕನ್ನಡದಲ್ಲೂ. ಜನ ನನ್ನನ್ನು ತಳ್ಳಿಕೊಂಡು ಹೋಗುತ್ತಿದ್ದರು. ಎಲ್ಲೋ ಒಂದು ಪ್ರತಿ ಉಳಿದಿತ್ತು ಎಂದುಕೊಂಡು, ನಾನು ಸೇತುವೆಯ ಕಂಬಿಗೆ ಒರಗಿ ನಿಂತು ವೈನಿಗೆ ಫೋನು ಮಾಡಿದೆ.

"ವೈನಿ, ಸಿಕ್ತು ನೋಡ್ರಿ."

"ಎಂತದು?"

"ಅಣ್ಣಾರ ದನಿ."

ವೈನಿ ಅಷ್ಟಕ್ಕೇ ಫೋನು ಇಟ್ಟರು. ಒಂದು ಸಂಚಿಕೆಯನ್ನು ಮೊದಲು ನಾನೇ ಹಾಕಿ ನೋಡಬೇಕಿತ್ತು. ಎಲ್ಲರ ಜೊತೆಗೇ ಕೇಳೋಣ ಎಂಬ ಆಸೆಗೆ ಬಿದ್ದು ನೋಡಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗಳು ಟಿವಿಗೆ ಜೋಡಿಸಿದಳು. ವೈನಿ ಸೀರೆ ಬದಲಿಸಿಕೊಂಡು ಬಂದಿದ್ದರು. ಅಣ್ಣಾರು ಕುತ್ತಿಗೆಯ ತೂತಿನ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡು ನೆಟ್ಟಗೆ ಕೂತರು. ಮಗಳು ಕನ್ನಡ ಆರಿಸಿದಳು. ಹಾಡು ಬಂತು, ನದಿ ಬಂತು, ಬಾಗಿಲು ತೆರೆದು ನೀರುನಾಯಿ ಹೊರಗೆ ಬಂದು ಬಾಯಿ ತೆರೆಯಿತು.

ಬೇರೆ ಯಾರದೋ ದನಿ. ಎಳೆಯ ದನಿ, ನಯವಾದದ್ದು, ಬೆಂಗಳೂರಿನದು. ಮಾತುಗಳೂ ನನ್ನವಲ್ಲ.

ನಾನು ರಿಮೋಟಿಗೆ ಕೈ ಚಾಚಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಟ್ಟರು. ಪೂರ್ತಿ ಇಪ್ಪತ್ತು ನಿಮಿಷ ಕೇಳಿದರು, ಪರದೆಯಿಂದ ಕಣ್ಣು ಕದಲಿಸಲಿಲ್ಲ. ವೈನಿ ನಡುವೆಯೇ ಎದ್ದು ಒಳಗೆ ಹೋದರು, ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಅದು ನಿಲ್ಲಲಿಲ್ಲ. ಸಂಚಿಕೆ ಮುಗಿದ ಮೇಲೆ ಅವರು ಹಲಗೆ ತೆಗೆದುಕೊಂಡು ಬರೆದರು: "ಉಸಿರು ಒಳ್ಳೆ ಜಾಗದಲ್ಲಿ ತೆಗೆಯುತ್ತಾನೆ. ಕಲಿತವ."

"ಅಣ್ಣಾರ, ತಪ್ಪಾತ್ರಿ. ನಾ ಮೊದಲ ನೋಡಬೇಕಿತ್ತು" ಎಂದೆ.

ಅವರು ಬರೆದದ್ದನ್ನು ಅಳಿಸಿದರು.

ಮಗಳು ಬಾಗಿಲ ತನಕ ಬಂದು, ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನನ್ನು ಕೇಳಿದಳು, "ಆಂಟಿ, ಆಪ್ ತೋ ಬೋಲೇ ಥೇ ಕಿ ಸಬ್ ಹೈ." ಎಲ್ಲ ಇದೆ ಎಂದು ನೀವೇ ಹೇಳಿದ್ದಿರಲ್ಲ ಎಂದು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಲಿಫ್ಟಿನವರೆಗೆ ನಡೆದು ಹೋಗುವುದು ಸುಲಭವಾಗುತ್ತಿತ್ತು.

ನಾನು ಹೋಗುವುದು ಬಿಡಲಿಲ್ಲ. ಬರಿಗೈಲಿ ಹೋಗಿ ಏನು ಕೂರುವುದೆಂದು, ಒಂದು ವಾರ ಕಪಾಟಿನ ಹಾಳೆಗಳಲ್ಲಿ ಒಂದು ಕಟ್ಟು ಒಯ್ದೆ. ಸೇತುವೆ ಕಳೆದುಹೋದ ಸಂಚಿಕೆ. ಕೂತು ಓದಿದೆ. ಅಕ್ಕತಂಗಿಯರ ಮಾತನ್ನು ಹೇಗೋ ಓದಿಬಿಡುತ್ತಿದ್ದೆ. ನೀರುನಾಯಿಯ ಸಾಲು ಬಂದಾಗ ಅವರ ತುಟಿ ತಾನಾಗಿ ಆಡುತ್ತಿತ್ತು, ಕುತ್ತಿಗೆಯ ತೂತಿನಿಂದ ಉಸಿರು ಸುಂಯ್ ಎನ್ನುತ್ತಿತ್ತು. ನಾನು ಎಲ್ಲಾದರೂ ಅವಸರದಲ್ಲಿ ಓಡಿದರೆ ಬೆರಳೆತ್ತಿ ನಿಲ್ಲಿಸುತ್ತಿದ್ದರು. ಇಲ್ಲಿ ತಡಿ, ಇಲ್ಲಿ ಇಳಿಸು ಎಂದು ಕೈಯಲ್ಲೇ ತೋರಿಸುತ್ತಿದ್ದರು. ಹಾಗೆ ನಾಲ್ಕೈದು ಭಾನುವಾರ ನಡೆಯಿತು. ನನಗೆ ಇದರಿಂದ ಅವರಿಗೆ ಏನೋ ಸಿಗುತ್ತಿದೆ ಎಂದೇ ಅನ್ನಿಸಿತ್ತು. ಆರನೆಯ ವಾರ ನಾನು ಚೀಲದಿಂದ ಕಟ್ಟು ತೆಗೆಯುವಾಗಲೇ ಅವರು ಹಲಗೆ ಎತ್ತಿದರು. ಮೊದಲೇ ಬರೆದಿಟ್ಟುಕೊಂಡಿದ್ದರು.

"ಸಾಕು ಟೀಚರೇ. ಓದಿದಷ್ಟೂ ಒಳಗೆ ಬರುತ್ತದೆ, ಹೊರಗೆ ಬರುವುದಿಲ್ಲ."

ನಾನು ಕಟ್ಟನ್ನು ಚೀಲಕ್ಕೆ ಹಾಕಿಕೊಂಡೆ. ವೈನಿ ಚಹಾ ತಂದರು. ಟಿವಿಯಲ್ಲಿ ಕ್ರಿಕೆಟ್ಟು ಹಾಕಿದರು. ಅದರ ಮುಂದೆ ಮೂವರೂ ಕೂತೆವು.

ಮಳೆ ಶುರುವಾಗುವ ಹೊತ್ತಿಗೆ ಗಡ್ಡೆ ಮತ್ತೆ ಬಂತು, ಈ ಸಲ ಶ್ವಾಸಕೋಶಕ್ಕೆ. ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಕೊನೆಯ ದಿನಗಳಲ್ಲಿ ಹಲಗೆ ಹಿಡಿಯುವಷ್ಟು ಶಕ್ತಿ ಇರಲಿಲ್ಲ. ಏನು ಬೇಕೆಂದು ವೈನಿ ಒಂದೊಂದಾಗಿ ಕೇಳುತ್ತಿದ್ದರು, ನೀರಾ, ದಿಂಬಾ, ಫ್ಯಾನಾ, ಕಿಟಕಿಯಾ. ಅವರು ಕಣ್ಣು ಮುಚ್ಚಿ ತೆರೆದರೆ ಹೌದು ಎಂದು. ಕೆಲವು ಸಲ ವೈನಿ ಗೊತ್ತಿದ್ದದ್ದೆಲ್ಲ ಕೇಳಿ ಮುಗಿಸಿದರೂ ಅವರ ಕಣ್ಣು ತೆರೆದೇ ಇರುತ್ತಿತ್ತು. ಬೇಕಾದದ್ದು ಇನ್ನೇನೋ ಇತ್ತು. ಅದು ಏನೆಂದು ನಮಗೆ ತಿಳಿಯಲಿಲ್ಲ. ಶ್ರಾವಣದ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ಹೋದರು. ನಾನು ಬೇಲಾಪುರದಿಂದ ಬರುವಷ್ಟರಲ್ಲಿ ಸ್ನಾನ ಮಾಡಿಸಿ ಆಗಿತ್ತು. ಹೋಟೆಲಿನವರು ಬಂದಿದ್ದರು, ಸಂಘದವರು ಬಂದಿದ್ದರು. ಸಂಘದ ಒಬ್ಬರು ನಾಲ್ಕು ಮಾತಾಡಿ, ಅವರ ಕಂಠ ನಮ್ಮ ನಡುವೆ ಸದಾ ಉಳಿಯುತ್ತದೆ ಎಂದರು. ಮಗಳು ತಲೆ ಎತ್ತಿ ಆ ಮನುಷ್ಯನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ನಾಲ್ಕು ತಿಂಗಳ ಹಿಂದೆ ಅವಳು ಫೋನು ಮಾಡಿದಳು. ನಾನು ಆಫೀಸಿನಿಂದ ಬರುತ್ತ ನೆರೂಳು ದಾಟಿದ್ದೆ. ಯಾವತ್ತೂ ಕನ್ನಡದಲ್ಲಿ ಮಾತಾಡದವಳು ಅಂದು ಕನ್ನಡದಲ್ಲೇ ಶುರು ಮಾಡಿದಳು, ಒಂದೊಂದೇ ಶಬ್ದ ಹುಡುಕಿಕೊಂಡು.

"ಆಂಟಿ, ಅಮ್ಮನಿಗೆ ಕೇಳ್ತದಂತೆ. ಕಿಚನ್‌ನಲ್ಲಿ ಇರುವಾಗ ಪಪ್ಪಾ ಕರೀತಾರಂತೆ. ನನಗೆ... ಮುಝೆ ಯಾದ್ ನಹೀ ಆ ರಹಾ. ಆಪರೇಷನ್ ಬಾದ್‌ವಾಲಾ ಹೀ ಯಾದ್ ಹೈ, ಓ ಸುಂಯ್ ಸುಂಯ್." ತನಗೆ ಅಪ್ಪನ ದನಿ ನೆನಪಾಗುತ್ತಿಲ್ಲ, ಶಸ್ತ್ರಚಿಕಿತ್ಸೆಯ ಮೇಲಿನ ಆ ಉಸಿರಿನ ಸದ್ದೊಂದೇ ನೆನಪಿದೆ ಎಂದು. "ನಿಮಗೆ ನೆನಪು ಉಂಟಾ ಆಂಟಿ? ಹೇಗೆ ಇತ್ತು?"

ಮನೆಗೆ ಹೋಗಿ ಹೇಳುತ್ತೇನೆ, ಗಾಡಿಯಲ್ಲಿ ಕೇಳಿಸುತ್ತಿಲ್ಲ ಎಂದೆ. ಕೇಳಿಸುತ್ತಿತ್ತು.

ಮನೆಗೆ ಬಂದು ಕೈಕಾಲು ತೊಳೆದು ಕಪಾಟು ತೆರೆದೆ. ಹಾಳೆ ಹಿಡಿದರೆ ಬಂದುಬಿಡುತ್ತದೆ ಎಂದುಕೊಂಡಿದ್ದೆ. ಬಹಳ ಸಲ ಹೇಳಿಸಿದ್ದ ಒಂದು ಸಾಲು ತೆಗೆದೆ, ಅದರ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ 'ಬಾಯಲ್ಲಿ ಮೀನು' ಎಂದಿತ್ತು. ಕಣ್ಣು ಮುಚ್ಚಿಕೊಂಡೆ. ಬೆವರು ಕಂಡಿತು, ಟವೆಲ್ಲು ಕಂಡಿತು, ಬಾಳೆಹಣ್ಣಿನ ಸಿಪ್ಪೆ ಕೂಡ ಕಂಡಿತು. ದನಿ ಬಂತು. ಅದು ಆ ಬೆಂಗಳೂರಿನ ಹುಡುಗನ ದನಿ. ನಯವಾಗಿ, ಒಳ್ಳೆಯ ಜಾಗದಲ್ಲಿ ಉಸಿರು ತೆಗೆದು, ನಾನು ಬರೆದ ಸಾಲನ್ನು ಅವನು ಹೇಳುತ್ತಿದ್ದ. ಬೇರೆ ಹಾಳೆ ತೆಗೆದೆ, ಇನ್ನೊಂದು ತೆಗೆದೆ. ಅವನೇ. ಅವರ ದನಿ ದಪ್ಪ ಇತ್ತು, ಸ್ವಲ್ಪ ಮರಳು ಬೆರೆತ ಹಾಗಿತ್ತು, ವಾಕ್ಯದ ಕೊನೆಗೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತಿತ್ತು. ಇದೆಲ್ಲ ನನಗೆ ಗೊತ್ತು, ಬರೆಯಬಲ್ಲೆ. ಕೇಳಿಸುವುದಿಲ್ಲ.

ಮಗಳಿಗೆ ಮರುದಿನ ಫೋನು ಮಾಡಿದೆ. ಸುಳ್ಳು ಹೇಳಬೇಕೆಂದೇ ಇದ್ದೆ, ಇನ್ನೊಂದು ಸಲ ಹೇಳಲು ಬಾಯಿ ಬರಲಿಲ್ಲ.

"ನನಗೂ ನೆನಪಿಲ್ಲವ್ವಾ" ಎಂದೆ.

"ಹ್ಞೂಂ" ಎಂದಳು. ಅಮ್ಮನಿಗೆ ಇದನ್ನು ಹೇಳಬೇಡಿ ಎಂದಳು. ಹೇಳುವುದಿಲ್ಲ ಎಂದೆ. ಐರೋಲಿ ಬಂತು, ಇಳಿಯಬೇಕು ಎಂದು ಅವಳು ಫೋನು ಇಟ್ಟಳು.